ರುಮಟಾಯ್ಡ್ ಸಂಧಿವಾತದಲ್ಲಿ ರಕ್ತದ ಕಿಣ್ವಗಳು: ಬೀದರ್, ಭಾಲ್ಕಿ, ಔರಾದ್ ಪರಿಸರದಲ್ಲಿ ಅಡೆನೊಸಿನ್ ಡಿಅಮೈನೇಸ್ ಮಾಪನದ ಅರ್ಥ ಮತ್ತು ಮಿತಿ

ಬೀದರ್ ಜಿಲ್ಲೆಯಲ್ಲಿ ಕೀಲುಗಳ ಬೇನೆಗೆ ಹಲವು ಭಾಷೆಗಳ ಹೆಸರುಗಳು ಬಳಕೆಯಲ್ಲಿವೆ. ಕನ್ನಡ ಮಾತಿನವರು ವಾತ, ಸಂಧಿವಾತ, ಕೀಲುಬೇನೆ ಎನ್ನುತ್ತಾರೆ. ಔರಾದ್ ಮತ್ತು ಭಾಲ್ಕಿ ತಾಲ್ಲೂಕುಗಳ ಮರಾಠಿ ಮಾತಿನವರು ಸಂಧಿವಾತದ ಜೊತೆಗೆ ಆಮವಾತವೆಂದೂ, ಬೀದರ್ ನಗರದ ಉರ್ದು ಮಾತಿನವರು ಗಠಿಯಾ ಎಂದೂ, ತೆಲುಗು ಮಾತಿನವರು ಕೀಳ್ಳವಾತಂ ಎಂದೂ ಕರೆಯುತ್ತಾರೆ. ಈ ಹೆಸರುಗಳಲ್ಲಿ ಯಾವುದೂ ಒಂದು ನಿರ್ದಿಷ್ಟ ರೋಗವನ್ನಷ್ಟೇ ಸೂಚಿಸುವುದಿಲ್ಲ. ವಯಸ್ಸಾದವರ ಮೊಣಕಾಲಿನ ಸವೆತ, ಚಿಕುನ್‌ಗುನ್ಯಾ ಜ್ವರ ಇಳಿದ ಮೇಲೂ ಉಳಿಯುವ ನೋವು, ಕ್ಷಯದಿಂದ ಬಾತುಕೊಂಡ ಒಂಟಿ ಕೀಲು, ರುಮಟಾಯ್ಡ್ ಸಂಧಿವಾತ, ಇವೆಲ್ಲವೂ ಒಂದೇ ಹೆಸರಿನ ಕೆಳಗೆ ಬಂದು ನಿಲ್ಲುತ್ತವೆ. ಹೆಸರಿನ ಈ ಗೊಂದಲವು ಕೇವಲ ಭಾಷೆಯದಾಗಿದ್ದರೆ ಚಿಂತೆಯಿರಲಿಲ್ಲ. ರೋಗಿಯು ಸರಿಯಾದ ಚಿಕಿತ್ಸೆಗೆ ಬರುವ ಕಾಲವನ್ನು ಅದು ಮುಂದೂಡುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಕಾಲವೇ ಮುಖ್ಯ. ರೋಗ ಕಾಣಿಸಿಕೊಂಡ ಮೊದಲ ಒಂದೆರಡು ವರ್ಷಗಳಲ್ಲಿಯೇ ಮೂಳೆಯ ಅಂಚಿನಲ್ಲಿ ಸವೆತದ ಗುರುತುಗಳು ಮೂಡಲಾರಂಭಿಸುತ್ತವೆ. ಒಮ್ಮೆ ಹಾಗೆ ಹಾಳಾದ ಕೀಲು ಹಿಂದಿನ ಆಕಾರಕ್ಕೆ ಮರಳುವುದು ವಿರಳ.

ಈ ಹಿನ್ನೆಲೆಯಲ್ಲಿ, ಜಿಲ್ಲಾ ಮಟ್ಟದ ಸಾಮಾನ್ಯ ಪ್ರಯೋಗಾಲಯದಲ್ಲಿಯೇ ಕಡಿಮೆ ವೆಚ್ಚದಲ್ಲಿ ಮಾಡಬಹುದಾದ ಯಾವುದಾದರೂ ರಕ್ತಪರೀಕ್ಷೆಯು ರೋಗದ ರಕ್ಷಾವಿಕಾರವನ್ನು ಹಿಡಿದು ತೋರಿಸಬಲ್ಲುದೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವಾಗಿ ಭಾರತದ ಜೀವರಸಾಯನ ವಿಭಾಗಗಳಲ್ಲಿ ಮತ್ತೆ ಮತ್ತೆ ಪರಿಶೀಲನೆಗೆ ಒಳಗಾಗಿರುವ ಕಿಣ್ವವೆಂದರೆ ಅಡೆನೊಸಿನ್ ಡಿಅಮೈನೇಸ್. ಮುಂದೆ ಇದನ್ನು ಎಡಿಎ ಎಂದು ಕರೆಯಲಾಗಿದೆ. ಈ ಕಿಣ್ವವು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಬೀದರ್, ಭಾಲ್ಕಿ, ಔರಾದ್‌ಗಳಂತಹ ಪ್ರದೇಶದಲ್ಲಿ ಅದರ ಅಂಕಿಯನ್ನು ಹೇಗೆ ಓದಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ರೋಗದ ಸ್ವರೂಪ

ಮಾಧವ ನಿದಾನದಲ್ಲಿ ಆಮವಾತದ ವಿವರಣೆಯಿದೆ. ಅದು ಇಂದಿನ ರುಮಟಾಯ್ಡ್ ಸಂಧಿವಾತವೇ ಎಂದು ಸಾಧಿಸುವ ಪ್ರಯತ್ನಗಳು ನಡೆದಿವೆಯಾದರೂ ಎರಡರ ಗಡಿಗಳು ಒಂದಕ್ಕೊಂದು ಸರಿಹೊಂದುವುದಿಲ್ಲ. ಆಧುನಿಕ ವೈದ್ಯದಲ್ಲಿ 1800ರಲ್ಲಿ ಪ್ಯಾರಿಸ್ಸಿನ ಲಾಂಡ್ರೆ-ಬೋವೆ ಇದನ್ನು ವರ್ಣಿಸಿದರು. 1859ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರೋಡ್ ಇದಕ್ಕೆ ಈಗಿನ ಹೆಸರನ್ನಿತ್ತರು. ದೇಹದ ರಕ್ಷಾವ್ಯವಸ್ಥೆಯು ತನ್ನದೇ ಅಂಗಾಂಶವನ್ನು ಪರಕೀಯವೆಂದು ತಿಳಿದು ದಾಳಿ ಮಾಡುವ ಸ್ವರಕ್ಷಾವಿಕಾರಗಳ ಗುಂಪಿಗೆ ಇದು ಸೇರುತ್ತದೆ. ಕೀಲನ್ನು ಒಳಗಿನಿಂದ ಆವರಿಸಿರುವ ತೆಳುವಾದ ಸೈನೋವಿಯಲ್ ಪೊರೆಯು ಊದಿಕೊಂಡು, ಅದರೊಳಗೆ ಟಿ ಲಿಂಫೋಸೈಟುಗಳು, ಬಿ ಲಿಂಫೋಸೈಟುಗಳು, ಮ್ಯಾಕ್ರೊಫೇಜ್ ಕೋಶಗಳು ಬಂದು ನೆಲೆಸುತ್ತವೆ. ಅವು ಸ್ರವಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶವಾಹಕಗಳು ಉರಿಯೂತವನ್ನು ಕಾಯ್ದುಕೊಂಡು ಹೋಗುತ್ತವೆ. ದಪ್ಪಗಾದ ಪೊರೆಯು ಮೃದ್ವಸ್ಥಿಯ ಮೇಲೆ ಹಬ್ಬಿ ಅದನ್ನೂ ಮೂಳೆಯನ್ನೂ ಕೊರೆಯುತ್ತದೆ.

ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಎರಡು ಮೂರು ಪಟ್ಟು ಹೆಚ್ಚು. ಬೆರಳುಗಳ ಬುಡದ ಮತ್ತು ನಡುವಿನ ಗೆಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಎಡಬಲ ಎರಡೂ ಕಡೆ ಬಾಧೆಗೊಳಗಾಗುತ್ತವೆ. ಬೆರಳ ತುದಿಯ ಗೆಣ್ಣುಗಳು ಸಾಮಾನ್ಯವಾಗಿ ಪಾರಾಗುತ್ತವೆ. ಬೆಳಗಿನ ಬಿಗಿತವು ಒಂದು ತಾಸಿಗೂ ಮೀರಿ ಉಳಿಯುತ್ತದೆ. ಪಾಶ್ಚಾತ್ಯ ಪ್ರಶ್ನಾವಳಿಗಳಲ್ಲಿ ರೋಗಿಯ ಕಾರ್ಯಸಾಮರ್ಥ್ಯವನ್ನು ಅಳೆಯಲು ಡಬ್ಬಿಯ ಮುಚ್ಚಳ ತಿರುಗಿಸುವುದನ್ನೋ ನಲ್ಲಿ ತಿರುಗಿಸುವುದನ್ನೋ ಕೇಳುವ ರೂಢಿಯಿದೆ. ಔರಾದ್ ತಾಲ್ಲೂಕಿನ ಗೃಹಿಣಿಯೊಬ್ಬಳಿಗೆ ಅದಕ್ಕಿಂತ ಒಪ್ಪುವ ಪ್ರಶ್ನೆ, ಬೆಳಗ್ಗೆ ಎದ್ದು ಜೋಳದ ರೊಟ್ಟಿ ಬಡಿಯಲು ಅಂಗೈ ಚಪ್ಪಟೆಯಾಗಿ ಬಿಚ್ಚುತ್ತದೆಯೇ ಎಂಬುದು. ಬೀದರ್ ನಗರದ ಬಿದರಿ ಕುಶಲಕರ್ಮಿಗಳಲ್ಲಿ ಇನ್ನೊಂದು ತೊಡಕಿದೆ. ಸತು-ತಾಮ್ರದ ಮಿಶ್ರಲೋಹದ ಮೇಲೆ ಉಳಿ ಹಿಡಿದು ದಿನವಿಡೀ ಕೆತ್ತುವ ಕೈಗೆ ಶ್ರಮದ ನೋವು ಸಹಜವಾದುದರಿಂದ, ಉರಿಯೂತದ ನೋವನ್ನು ಕಸುಬಿನ ನೋವೆಂದೇ ಭಾವಿಸಿ ತಿಂಗಳುಗಟ್ಟಲೆ ಕಳೆಯುವುದು ಸುಲಭ. ಶ್ರಮದ ನೋವು ವಿಶ್ರಾಂತಿಯಿಂದ ಇಳಿಯುತ್ತದೆ. ಉರಿಯೂತದ ಬಿಗಿತವು ವಿಶ್ರಾಂತಿಯ ನಂತರವೇ ಹೆಚ್ಚುತ್ತದೆ. ಈ ವ್ಯತ್ಯಾಸವನ್ನು ಕೇಳಿ ತಿಳಿಯಲು ಯಾವ ಉಪಕರಣವೂ ಬೇಡ.

ಭಾರತದ ಗ್ರಾಮೀಣ ಪ್ರದೇಶಗಳಲ್ಲಿ ನಡೆದ ಎರಡು ಸಮೀಕ್ಷೆಗಳು ಪ್ರಸಿದ್ಧವಾಗಿವೆ. ಹರಿಯಾಣದ ಬಲ್ಲಭಗಢ ಪ್ರದೇಶದಿಂದ 1993ರಲ್ಲಿ ಪ್ರಕಟವಾದ ಸಮೀಕ್ಷೆಯು ವಯಸ್ಕರಲ್ಲಿ ಶೇ. 0.75 ಪ್ರಮಾಣವನ್ನು ನೀಡಿತು. ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವು ಸುಮಾರು ಶೇ. 0.5 ಎಂದಿತು. 2011ರ ಜನಗಣತಿಯಂತೆ ಬೀದರ್ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷ. ಈ ಪ್ರಮಾಣಗಳನ್ನು ವಯಸ್ಕರಿಗೆ ಅನ್ವಯಿಸಿದರೆ ಜಿಲ್ಲೆಯಲ್ಲಿ ಐದು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ರೋಗಿಗಳಿರಬೇಕಾಗುತ್ತದೆ. ಇದು ಗುಣಾಕಾರವೇ ಹೊರತು ಎಣಿಕೆಯಲ್ಲ ಎಂಬುದನ್ನು ಮರೆಯಲಾಗದು.

ಕಿಣ್ವದ ಕಾರ್ಯ

ಅಡೆನೊಸಿನ್ ಎಂಬುದು ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ಒಡೆದಾಗ ದೊರೆಯುವ ಅಣು. ಗಾಯಗೊಂಡ ಅಥವಾ ಆಮ್ಲಜನಕ ಸಾಲದ ಅಂಗಾಂಶದಲ್ಲಿ ಅದು ಕೋಶಗಳ ಹೊರಗೆ ಸಂಗ್ರಹವಾಗುತ್ತದೆ. ಬಿಳಿ ರಕ್ತಕಣಗಳ ಮೇಲಿರುವ ಎ2ಎ ಎಂಬ ಗ್ರಾಹಕಕ್ಕೆ ಅಂಟಿಕೊಂಡು ಅವುಗಳ ಆವೇಶವನ್ನು ತಗ್ಗಿಸುತ್ತದೆ. ಅಂದರೆ ಅಡೆನೊಸಿನ್ ಉರಿಯೂತಕ್ಕೆ ದೇಹವೇ ಹಾಕುವ ಕಡಿವಾಣ. ಎಡಿಎ ಈ ಅಡೆನೊಸಿನ್‌ನಿಂದ ಅಮೈನೊ ಗುಂಪನ್ನು ತೆಗೆದು ಇನೊಸಿನ್ ಆಗಿ ಮಾರ್ಪಡಿಸುತ್ತದೆ. ಜೊತೆಗೆ ಒಂದು ಅಣು ಅಮೋನಿಯ ಬಿಡುಗಡೆಯಾಗುತ್ತದೆ. ಡಿಆಕ್ಸಿಅಡೆನೊಸಿನ್ ಮೇಲೂ ಇದೇ ಕ್ರಿಯೆ ನಡೆಯುತ್ತದೆ.

ಈ ಕಿಣ್ವಕ್ಕೂ ರಕ್ಷಾವ್ಯವಸ್ಥೆಗೂ ಇರುವ ನಂಟು ಬೆಳಕಿಗೆ ಬಂದುದು 1972ರಲ್ಲಿ. ಅಮೆರಿಕದ ಎಲೊಯಿಸ್ ಗಿಬ್ಲೆಟ್ ಮತ್ತು ಸಂಗಡಿಗರು ಲಿಂಫೋಸೈಟುಗಳೇ ಇಲ್ಲದಂತಾಗಿದ್ದ ಇಬ್ಬರು ಮಕ್ಕಳ ರಕ್ತದಲ್ಲಿ ಎಡಿಎ ಇಲ್ಲದಿರುವುದನ್ನು ವರದಿ ಮಾಡಿದರು. ಕಿಣ್ವವಿಲ್ಲದಾಗ ಡಿಆಕ್ಸಿಅಡೆನೊಸಿನ್ ಲಿಂಫೋಸೈಟುಗಳೊಳಗೆ ಡಿಎಟಿಪಿಯಾಗಿ ಶೇಖರಗೊಂಡು, ಡಿಎನ್‌ಎ ರಚನೆಗೆ ಬೇಕಾದ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಕಿಣ್ವವನ್ನು ತಡೆಯುತ್ತದೆ. ವೇಗವಾಗಿ ವಿಭಜನೆಗೊಳ್ಳಬೇಕಾದ ಲಿಂಫೋಸೈಟುಗಳು ಹೀಗೆ ಸಾಯುತ್ತವೆ. 1990ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಮೊದಲ ಅಧಿಕೃತ ವಂಶವಾಹಿ ಚಿಕಿತ್ಸೆಯನ್ನು ಕೈಗೊಂಡದ್ದು ಈ ನ್ಯೂನತೆಗಾಗಿಯೇ. ಕಿಣ್ವವಿಲ್ಲದಿದ್ದರೆ ಲಿಂಫೋಸೈಟುಗಳಿಲ್ಲ ಎಂಬುದು ಹೀಗೆ ಸ್ಥಾಪಿತವಾದ ಮೇಲೆ, ಕಿಣ್ವ ಹೆಚ್ಚಿದರೆ ಲಿಂಫೋಸೈಟುಗಳು ಪ್ರಚೋದಿತವಾಗಿವೆ ಎಂದು ಊಹಿಸುವುದು ಒಂದು ಹೆಜ್ಜೆಯಷ್ಟೇ ದೂರವಿತ್ತು. ಜೀವಕೋಶ ಆಧಾರಿತ ರಕ್ಷಣೆಯ ಸೂಚಕ ಎಂಬ ಬಿರುದು ಎಡಿಎಗೆ ದೊರೆತದ್ದು ಹೀಗೆ.

ಆದರೆ ಆ ಬಿರುದನ್ನು ಇದ್ದಂತೆಯೇ ಒಪ್ಪುವಂತಿಲ್ಲ. ಎಡಿಎಗೆ ಎರಡು ರೂಪಗಳಿವೆ. ಎಡಿಎ-1 ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಇದ್ದು ಲಿಂಫೋಸೈಟುಗಳಲ್ಲಿ ಅಧಿಕವಾಗಿದೆ. ಟಿ ಕೋಶದ ಮೇಲ್ಮೈಯ ಸಿಡಿ-26 ಎಂಬ ಪ್ರೋಟೀನಿಗೆ ಅಂಟಿಕೊಂಡೂ ಇರುತ್ತದೆ. ಇದರ ವಂಶವಾಹಿ 20ನೆಯ ವರ್ಣತಂತುವಿನಲ್ಲಿದೆ. ಎಡಿಎ-2 ಇದಕ್ಕಿಂತ ಭಿನ್ನವಾದ, 22ನೆಯ ವರ್ಣತಂತುವಿನ ವಂಶವಾಹಿಯಿಂದ ಬರುವ ಪ್ರೋಟೀನು. ಅದನ್ನು ಮುಖ್ಯವಾಗಿ ಮಾನೊಸೈಟು ಮತ್ತು ಮ್ಯಾಕ್ರೊಫೇಜ್‌ಗಳು ಸ್ರವಿಸುತ್ತವೆ. ಅಡೆನೊಸಿನ್ ಕಡೆಗೆ ಅದರ ಒಲವು ಎಡಿಎ-1ಕ್ಕಿಂತ ಬಹಳ ಕಡಿಮೆ. ತುಸು ಆಮ್ಲೀಯ ಪರಿಸರದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತದ ಸೀರಮ್‌ನಲ್ಲಿ ಸಿಂಹಪಾಲು ಎಡಿಎ-2ರದೇ. ಆದ್ದರಿಂದ ಸೀರಮ್‌ನ ಒಟ್ಟು ಎಡಿಎಯನ್ನು ಅಳೆದು ಟಿ ಕೋಶಗಳ ಪ್ರಚೋದನೆಯನ್ನು ಅಳೆದೆವೆಂದು ಬರೆಯುವುದು ಸಡಿಲವಾದ ತೀರ್ಮಾನ. ರುಮಟಾಯ್ಡ್ ಸಂಧಿವಾತದಲ್ಲಿ ಹೆಚ್ಚುವ ಸೀರಮ್ ಎಡಿಎ ಬಹುಮಟ್ಟಿಗೆ ಮ್ಯಾಕ್ರೊಫೇಜ್ ಚಟುವಟಿಕೆಯ ಪ್ರತಿಬಿಂಬ. ಟಿ ಕೋಶಗಳೇ ಮ್ಯಾಕ್ರೊಫೇಜ್‌ಗಳನ್ನು ಉದ್ರೇಕಿಸುವುದರಿಂದ ಎರಡೂ ಒಂದೇ ಸರಪಳಿಯ ಕೊಂಡಿಗಳು ಎಂಬುದು ನಿಜ; ಆದರೂ ಯಾವ ಕೊಂಡಿಯನ್ನು ಮುಟ್ಟಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಎಡಿಎ-1ನ್ನು ಮಾತ್ರ ತಡೆಯುವ ಇಎಚ್‌ಎನ್‌ಎ ಎಂಬ ರಾಸಾಯನಿಕವನ್ನು ಬಳಸಿ ಎರಡನ್ನೂ ಬೇರ್ಪಡಿಸಿ ಅಳೆಯುವುದು ಸಾಧ್ಯವಿದೆ. 2014ರಲ್ಲಿ ಎಡಿಎ-2ರ ಆನುವಂಶಿಕ ನ್ಯೂನತೆಯಿಂದ ರಕ್ತನಾಳಗಳ ಉರಿಯೂತ ಮತ್ತು ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು ಬರುವುದು ವರದಿಯಾದ ಮೇಲಂತೂ ಈ ರೂಪವನ್ನು ಬರೀ ಅಡಕವೆಂದು ಬದಿಗಿಡಲು ಬರುವುದಿಲ್ಲ.

ಇತರ ಕಿಣ್ವಗಳ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಸೈನೋವಿಯಲ್ ಪೊರೆಯಿಂದ ಬರುವ ಎಂಎಂಪಿ-3 ಮೃದ್ವಸ್ಥಿಯ ನಾಶವನ್ನೂ, ನ್ಯೂಟ್ರೊಫಿಲ್‌ಗಳ ಮೈಲೊಪೆರಾಕ್ಸಿಡೇಸ್ ಆ ಕಣಗಳ ಉದ್ರೇಕವನ್ನೂ ಸೂಚಿಸುತ್ತವೆ. ಪೆಪ್ಟಿಡೈಲ್ ಆರ್ಜಿನಿನ್ ಡಿಇಮಿನೇಸ್ ಎಂಬ ಕಿಣ್ವವು ಪ್ರೋಟೀನುಗಳಲ್ಲಿನ ಆರ್ಜಿನಿನ್ ಅನ್ನು ಸಿಟ್ರುಲಿನ್ ಆಗಿ ಬದಲಿಸುತ್ತದೆ. ಹೀಗೆ ಬದಲಾದ ಪ್ರೋಟೀನುಗಳ ವಿರುದ್ಧವೇ ಈ ರೋಗದ ವಿಶಿಷ್ಟ ಪ್ರತಿಕಾಯಗಳು ಹುಟ್ಟುತ್ತವೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಕ್ರಿಯೆಯಲ್ಲಿಯೂ ಹೊರಬೀಳುವುದು ಅಮೋನಿಯವೇ. ಸಂಶೋಧನೆಯ ದೃಷ್ಟಿಯಿಂದ ಇವು ಎಡಿಎಗಿಂತ ರೋಗದ ಮೂಲಕ್ಕೆ ಹತ್ತಿರವಾಗಿವೆ. ಆದರೆ ಅವುಗಳ ಮಾಪನಕ್ಕೆ ದುಬಾರಿ ಎಲಿಸಾ ವಿಧಾನಗಳು ಬೇಕು. ಎಡಿಎಗೆ ಒಂದು ವರ್ಣಮಾಪಕ ಸಾಕು.

ಮಾಪನದ ವಿಧಾನ ಮತ್ತು ಎಡರುಗಳು

ಬಹುತೇಕ ಬಳಕೆಯಲ್ಲಿರುವುದು ಜಿಯುಸ್ಟಿಯ ಹೆಸರಿನ ವಿಧಾನ. ಪಿಎಚ್ 6.5ರ ಫಾಸ್ಫೇಟ್ ದ್ರಾವಣದಲ್ಲಿ ಕರಗಿಸಿದ ಅಡೆನೊಸಿನ್‌ಗೆ ಸೀರಮ್ ಸೇರಿಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಲಾಗುತ್ತದೆ. ಬಿಡುಗಡೆಯಾದ ಅಮೋನಿಯವು ಫಿನಾಲ್ ಮತ್ತು ಕ್ಷಾರೀಯ ಹೈಪೊಕ್ಲೋರೈಟ್‌ಗಳೊಡನೆ, ನೈಟ್ರೊಪ್ರುಸೈಡ್ ವೇಗವರ್ಧಕದ ನೆರವಿನಿಂದ, ನೀಲಿ ಬಣ್ಣದ ಇಂಡೊಫಿನಾಲ್ ಆಗುತ್ತದೆ. 1859ರಷ್ಟು ಹಿಂದೆಯೇ ಬರ್ತೆಲೊ ಗುರುತಿಸಿದ ಕ್ರಿಯೆಯಿದು. ಗ್ಯಾರೋಡ್ ರೋಗಕ್ಕೆ ಹೆಸರಿಟ್ಟ ವರ್ಷವೂ ಅದೇ ಎಂಬುದು ಕಾಕತಾಳೀಯ. ಬಣ್ಣದ ತೀವ್ರತೆಯನ್ನು 628 ನ್ಯಾನೊಮೀಟರ್ ತರಂಗಾಂತರದಲ್ಲಿ ಓದಲಾಗುತ್ತದೆ. ನಿಮಿಷವೊಂದಕ್ಕೆ ಒಂದು ಮೈಕ್ರೊಮೋಲ್ ಅಮೋನಿಯ ಬಿಡುಗಡೆ ಮಾಡುವ ಕಿಣ್ವದ ಪ್ರಮಾಣವೇ ಒಂದು ಯೂನಿಟ್.

ವಿಧಾನದ ಸರಳತೆಯಲ್ಲಿಯೇ ಅದರ ದೌರ್ಬಲ್ಯವೂ ಅಡಗಿದೆ. ಅಳೆಯುತ್ತಿರುವುದು ಅಮೋನಿಯವಾದ್ದರಿಂದ, ಮಾದರಿಯಲ್ಲಿ ಮೊದಲೇ ಇದ್ದ ಅಮೋನಿಯವನ್ನು ಪ್ರತ್ಯೇಕ ಖಾಲಿ ಮಾದರಿಯ ಮೂಲಕ ಕಳೆಯದಿದ್ದರೆ ಉತ್ತರ ತಪ್ಪುತ್ತದೆ. ಪ್ರಯೋಗಾಲಯದ ನೀರು, ಗಾಜಿನ ಪಾತ್ರೆ, ಅಮೋನಿಯಂ ಹೆಪಾರಿನ್ ಇರುವ ನಳಿಕೆ, ಬ್ಯಾಕ್ಟೀರಿಯ ಬೆಳೆದ ಹಳೆಯ ಸೀರಮ್, ಇವೆಲ್ಲವೂ ಅಂಕಿಯನ್ನು ಉಬ್ಬಿಸಬಲ್ಲವು. ಕೆಂಪು ರಕ್ತಕಣಗಳಲ್ಲಿ ಎಡಿಎ-1 ಸಾಕಷ್ಟಿರುವುದರಿಂದ, ಕಣಗಳು ಒಡೆದ ಮಾದರಿಯನ್ನು ತಿರಸ್ಕರಿಸಲೇಬೇಕು. ಔರಾದ್ ಮತ್ತು ಭಾಲ್ಕಿ ಪಟ್ಟಣಗಳು ಬೀದರ್‌ನಿಂದ ಸುಮಾರು 40 ಕಿ.ಮೀ. ಅಂತರದಲ್ಲಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ರಕ್ತವನ್ನು ಸೀರಮ್ ಬೇರ್ಪಡಿಸದೆ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗಿಸಿದರೆ, ರೋಗಿಯ ಉರಿಯೂತಕ್ಕಿಂತ ಪ್ರಯಾಣದ ಕುಲುಕಾಟವೇ ವರದಿಯಲ್ಲಿ ಕಾಣಿಸಿಕೊಂಡೀತು. ರಕ್ತ ಹೆಪ್ಪುಗಟ್ಟಿದ ಕೂಡಲೇ ತಾಲ್ಲೂಕಿನಲ್ಲಿಯೇ ಸೀರಮ್ ತೆಗೆದು, ಶೀತಪೆಟ್ಟಿಗೆಯಲ್ಲಿ ಕಳುಹಿಸುವುದು ಇದಕ್ಕೆ ಪರಿಹಾರ. ಬೇರೆ ಬೇರೆ ಕಿಟ್‌ಗಳ ಸಾಮಾನ್ಯ ಮಿತಿಗಳು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ, ಸ್ಥಳೀಯ ಆರೋಗ್ಯವಂತರ ಮಾದರಿಗಳಿಂದ ಪ್ರಯೋಗಾಲಯವು ತನ್ನದೇ ಮಿತಿಯನ್ನು ಕಂಡುಕೊಳ್ಳುವುದು ಅಗತ್ಯ.

ಈ ನೆಲದ ರೋಗಗಳು

ಎಡಿಎ ಪರೀಕ್ಷೆ ಭಾರತದಲ್ಲಿ ಮನೆಮಾತಾದುದು ಸಂಧಿವಾತದಿಂದಲ್ಲ, ಕ್ಷಯದಿಂದ. ಶ್ವಾಸಕೋಶದ ಹೊದಿಕೆಯಲ್ಲಿ ತುಂಬಿದ ನೀರು ಕ್ಷಯದ್ದೇ ಎಂದು ನಿರ್ಧರಿಸಲು ಲೀಟರಿಗೆ 40 ಯೂನಿಟ್ ಎಂಬ ಗಡಿಯನ್ನು ವ್ಯಾಪಕವಾಗಿ ಬಳಸಲಾಗುತ್ತದೆ. ರುಮಟಾಯ್ಡ್ ಸಂಧಿವಾತವೂ ಕೆಲವರಲ್ಲಿ ಅದೇ ಹೊದಿಕೆಯಲ್ಲಿ ನೀರು ತುಂಬಿಸುತ್ತದೆ. ಆ ನೀರಿನಲ್ಲಿಯೂ ಎಡಿಎ ಹೆಚ್ಚಿರುತ್ತದೆ, ಗ್ಲೂಕೋಸ್ ಕಡಿಮೆಯಿರುತ್ತದೆ. ಕೀಲಿನ ದ್ರವದಲ್ಲಿಯೂ ಇದೇ ಸಂದಿಗ್ಧ. ಹೀಗಾಗಿ ಕ್ಷಯ ವ್ಯಾಪಕವಾಗಿರುವ ಪ್ರದೇಶದಲ್ಲಿ ಏರಿದ ಎಡಿಎ ಎರಡು ವಿರುದ್ಧ ದಾರಿಗಳನ್ನು ತೋರಿಸುತ್ತದೆ. ಒಂದು ದಾರಿಯಲ್ಲಿ ರಕ್ಷಾವ್ಯವಸ್ಥೆಯನ್ನು ತಗ್ಗಿಸುವ ಔಷಧ ಬೇಕು. ಇನ್ನೊಂದರಲ್ಲಿ ಅದೇ ಔಷಧ ಪ್ರಾಣಾಂತಿಕವಾಗಬಹುದು. ಒಂದೇ ಕೀಲು, ಅದೂ ದೊಡ್ಡ ಕೀಲು ಬಾತಿದ್ದಾಗ ಕಿಣ್ವದ ಅಂಕಿಯನ್ನು ನಂಬಿ ಸ್ಟೀರಾಯ್ಡ್ ಆರಂಭಿಸುವುದು ಸಲ್ಲದು.

ಎರಡನೆಯದು ಚಿಕುನ್‌ಗುನ್ಯಾ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಮಿಕ್ಕ ಶಂಕಿತ ಪ್ರಕರಣಗಳು ದಾಖಲಾದ ಹಾವಳಿಯಲ್ಲಿ ಅಂದಿನ ಗುಲ್ಬರ್ಗ, ರಾಯಚೂರು ಜಿಲ್ಲೆಗಳೊಂದಿಗೆ ಬೀದರ್ ಕೂಡ ಸೇರಿತ್ತು. ಜ್ವರ ಬಿಟ್ಟ ಮೇಲೆ ತಿಂಗಳುಗಳ ಕಾಲ ಎರಡೂ ಕೈಗಳ ಸಣ್ಣ ಕೀಲುಗಳಲ್ಲಿ ಉಳಿಯುವ ಊತವು ರುಮಟಾಯ್ಡ್ ಸಂಧಿವಾತವನ್ನು ಬಹುಪಾಲು ಹೋಲುತ್ತದೆ. ಅದರಲ್ಲಿಯೂ ಮಾನೊಸೈಟು, ಮ್ಯಾಕ್ರೊಫೇಜ್‌ಗಳು ತೊಡಗಿಕೊಂಡಿರುವುದರಿಂದ ಎಡಿಎ ಇವೆರಡನ್ನು ಬೇರ್ಪಡಿಸಿ ತೋರಿಸುತ್ತದೆಂದು ನಿರೀಕ್ಷಿಸಲು ಆಧಾರವಿಲ್ಲ.

ಮೂರನೆಯದು ಬ್ರುಸೆಲ್ಲೋಸಿಸ್. ದೇವಣಿ ತಳಿಯ ದನಗಳ ತವರು ಪ್ರದೇಶದಲ್ಲಿ ಭಾಲ್ಕಿ, ಔರಾದ್‌ಗಳೂ ಇವೆ. ದನಕರುಗಳ ಹೆರಿಗೆಯಲ್ಲಿ ಕೈಯಾಡಿಸುವುದರಿಂದ ಮತ್ತು ಕಾಯಿಸದ ಹಾಲಿನಿಂದ ಈ ಸೋಂಕು ಮನುಷ್ಯರಿಗೆ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಸೊಂಟ ಮತ್ತು ಕೀಲುಗಳ ನೋವು ಇದರ ಲಕ್ಷಣಗಳು. ಇದರಲ್ಲಿಯೂ ಸೀರಮ್ ಎಡಿಎ ಏರುತ್ತದೆ. ಪಶುವೈದ್ಯ ವಿಶ್ವವಿದ್ಯಾಲಯವು ಬೀದರ್‌ನಲ್ಲಿಯೇ ಇರುವುದರಿಂದ, ಮನುಷ್ಯವೈದ್ಯ ಮತ್ತು ಪಶುವೈದ್ಯ ವಿಭಾಗಗಳು ಕೂಡಿ ನೋಡಬೇಕಾದ ವಿಷಯವಿದು. ವಿಷಮಶೀತಜ್ವರ, ಯಕೃತ್ತಿನ ಉರಿಯೂತ, ಕುಷ್ಠ ಮುಂತಾದ ಸ್ಥಿತಿಗಳಲ್ಲಿಯೂ ಎಡಿಎ ಏರಿರುವ ವರದಿಗಳಿವೆ, ಮಧುಮೇಹದಲ್ಲಿಯೂ ಉಂಟು.

ರೋಗನಿರ್ಣಯದಲ್ಲಿ ಸ್ಥಾನ

1940ರಲ್ಲಿ ನಾರ್ವೆಯ ವಾಲರ್ ಮತ್ತು 1948ರಲ್ಲಿ ಅಮೆರಿಕದ ರೋಸ್ ಗುರುತಿಸಿದ ರುಮಟಾಯ್ಡ್ ಫ್ಯಾಕ್ಟರ್ ಸ್ಥೂಲವಾಗಿ ಶೇ. 70-80 ರೋಗಿಗಳಲ್ಲಿ ದೊರೆಯುತ್ತದೆ; ಆದರೆ ಕ್ಷಯ, ಕುಷ್ಠಗಳಲ್ಲಿಯೂ ದೊರೆಯುತ್ತದೆ. 1998ರ ನಂತರ ಬಳಕೆಗೆ ಬಂದ ಆಂಟಿ-ಸಿಸಿಪಿ ಪ್ರತಿಕಾಯವು ಹೆಚ್ಚು ನಿರ್ದಿಷ್ಟ. ಅಮೆರಿಕ ಮತ್ತು ಯೂರೋಪಿನ ಸಂಘಗಳು 2010ರಲ್ಲಿ ರೂಪಿಸಿದ ವರ್ಗೀಕರಣದಲ್ಲಿ ಬಾಧಿತ ಕೀಲುಗಳಿಗೆ 5, ಈ ಪ್ರತಿಕಾಯಗಳಿಗೆ 3, ಇಎಸ್‌ಆರ್ ಅಥವಾ ಸಿಆರ್‌ಪಿಗೆ 1, ಆರು ವಾರಗಳ ಅವಧಿಗೆ 1 ಹೀಗೆ ಗರಿಷ್ಠ 10 ಅಂಕಗಳಿದ್ದು, 6 ಅಂಕಗಳು ಬಂದರೆ ರೋಗವೆಂದು ಪರಿಗಣಿಸಲಾಗುತ್ತದೆ. ಎಡಿಎಗೆ ಇಲ್ಲಿ ಸ್ಥಾನವಿಲ್ಲ. ಸ್ಥಾನ ಬೇಕೆಂದು ವಾದಿಸುವಷ್ಟು ನಿರ್ದಿಷ್ಟತೆಯೂ ಅದಕ್ಕಿಲ್ಲ.

ಅದರ ಉಪಯೋಗವಿರುವುದು ಬೇರೆಡೆ. ರೋಗ ನಿಶ್ಚಯವಾದ ವ್ಯಕ್ತಿಯಲ್ಲಿ, ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಿಂದ ಚಿಕಿತ್ಸೆಗೆ ಮೊದಲು ಮತ್ತು ಚಿಕಿತ್ಸೆಯ ಮೂರು, ಆರು ತಿಂಗಳುಗಳಲ್ಲಿ ಅಳೆದಾಗ ಇಳಿಮುಖ ಕಾಣುತ್ತದೆಯೇ ಎಂಬುದು ಅರ್ಥವುಳ್ಳ ಪ್ರಶ್ನೆ. ಪ್ರಥಮ ಆಯ್ಕೆಯ ಔಷಧವಾದ ಮೆಥೊಟ್ರೆಕ್ಸೇಟ್‌ನ ಕ್ರಿಯೆ ಇಲ್ಲಿ ಕುತೂಹಲ ಕೆರಳಿಸುತ್ತದೆ. ಆ ಔಷಧವು ಪ್ಯೂರಿನ್ ರಚನೆಯ ಒಂದು ಹಂತವನ್ನು ತಡೆದಾಗ ಎಐಸಿಎಆರ್ ಎಂಬ ವಸ್ತು ಕೋಶಗಳಲ್ಲಿ ಶೇಖರವಾಗುತ್ತದೆ. ಅದು ಎಡಿಎಯನ್ನೂ ಎಎಂಪಿ ಡಿಅಮೈನೇಸನ್ನೂ ತಡೆದು ಕೋಶಗಳ ಹೊರಗೆ ಅಡೆನೊಸಿನ್ ಹೆಚ್ಚಿಸುತ್ತದೆ. ಅಂದರೆ ಔಷಧವು ಕೆಲಸ ಮಾಡುವ ಹಾದಿಯಲ್ಲಿಯೇ ಈ ಕಿಣ್ವವಿದೆ. ಹಾಗಾದರೆ ಇಳಿದ ಎಡಿಎ ಶಮನಗೊಂಡ ಉರಿಯೂತದ ಫಲವೋ, ಔಷಧದ ನೇರ ಪರಿಣಾಮವೋ? ಸೀರಮ್‌ನ ಒಂದು ಅಂಕಿಯಿಂದ ಇದನ್ನು ಬಿಡಿಸಲಾಗದು. 28 ಕೀಲುಗಳ ನೋವು ಮತ್ತು ಊತವನ್ನು ಎಣಿಸುವ ಡಿಎಎಸ್-28 ಮಾಪನದೊಂದಿಗೆ ಹೋಲಿಸಿದಾಗ ಮಾತ್ರ ಉತ್ತರದ ದಿಕ್ಕು ತೋರುತ್ತದೆ.

2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಬೋಧನಾ ಆಸ್ಪತ್ರೆಯಿರುವಲ್ಲಿ ಇಂತಹ ಅಧ್ಯಯನಕ್ಕೆ ಅವಕಾಶವಿದೆ. ಆದರೆ ಅದರ ವಿನ್ಯಾಸದಲ್ಲಿ ಒಂದು ಹಳೆಯ ಜಾಡನ್ನು ಬಿಡಬೇಕು. ಈ ವಿಷಯದ ಅನೇಕ ಅಧ್ಯಯನಗಳು ಐವತ್ತೋ ನೂರೋ ರೋಗಿಗಳನ್ನು ಅಷ್ಟೇ ಆರೋಗ್ಯವಂತರೊಂದಿಗೆ ಹೋಲಿಸಿ, ವ್ಯತ್ಯಾಸ ಸಾಂಖ್ಯಿಕವಾಗಿ ಗಣನೀಯವೆಂದು ಹೇಳಿ ಮುಗಿಸುತ್ತವೆ. ಉರಿಯೂತವಿರುವವರಿಗೂ ಇಲ್ಲದವರಿಗೂ ವ್ಯತ್ಯಾಸವಿರುವುದು ಅಚ್ಚರಿಯಲ್ಲ. ವೈದ್ಯರ ಮುಂದೆ ಬಂದು ಕೂರುವವರು ಆರೋಗ್ಯವಂತರಲ್ಲ, ಬೇರೊಂದು ಕೀಲುಬೇನೆಯವರು. ಆದ್ದರಿಂದ ಹೋಲಿಕೆಯ ಗುಂಪಿನಲ್ಲಿ ಸವೆತದ ಸಂಧಿವಾತದವರು, ಚಿಕುನ್‌ಗುನ್ಯಾ ನಂತರದ ಕೀಲುನೋವಿನವರು ಇರಬೇಕು. ಕ್ಷಯ, ಬ್ರುಸೆಲ್ಲೋಸಿಸ್, ಯಕೃತ್ತಿನ ರೋಗಗಳನ್ನು ಪರೀಕ್ಷಿಸಿ ಹೊರಗಿಟ್ಟಿರಬೇಕು. ಎಡಿಎ-1, ಎಡಿಎ-2 ಪ್ರತ್ಯೇಕವಾಗಿ ಅಳೆಯಲ್ಪಡಬೇಕು. ಭಾಲ್ಕಿ, ಔರಾದ್‌ನ ರೋಗಿಗಳು ಉದಗೀರ, ಲಾತೂರು, ಹೈದರಾಬಾದುಗಳ ಕಡೆಗೂ ಚಿಕಿತ್ಸೆಗೆ ಹೋಗುವುದರಿಂದ, ಅಲ್ಲಿ ಪಡೆದ ಸ್ಟೀರಾಯ್ಡ್ ಮಾತ್ರೆಗಳ ವಿವರವನ್ನು ಚೀಟಿ ನೋಡಿಯೇ ದಾಖಲಿಸಬೇಕು. ಮೊದಲೇ ಔಷಧ ತೆಗೆದುಕೊಂಡವರ ಎಡಿಎ, ತೆಗೆದುಕೊಳ್ಳದವರ ಎಡಿಎ ಒಂದೇ ಪಟ್ಟಿಯಲ್ಲಿ ಕೂರುವಂತಿಲ್ಲ.

ಚಿಕಿತ್ಸೆಯ ಕಾಲದಲ್ಲಿ ತಪ್ಪದೆ ಅಳೆಯಲೇಬೇಕಾದ ಕಿಣ್ವವೊಂದಿದೆ. ಅದು ಎಡಿಎ ಅಲ್ಲ, ಯಕೃತ್ತಿನ ಸ್ಥಿತಿ ತಿಳಿಸುವ ಎಸ್‌ಜಿಪಿಟಿ. ಮೆಥೊಟ್ರೆಕ್ಸೇಟ್ ಯಕೃತ್ತನ್ನೂ ಅಸ್ಥಿಮಜ್ಜೆಯನ್ನೂ ಬಾಧಿಸಬಲ್ಲುದಾದ್ದರಿಂದ, ಈ ಕಿಣ್ವ ಮತ್ತು ರಕ್ತಕಣಗಳ ಎಣಿಕೆಯನ್ನು ನಿಯತವಾಗಿ ನೋಡಲಾಗುತ್ತದೆ. ತಾಲ್ಲೂಕು ಮಟ್ಟದ ಪ್ರಯೋಗಾಲಯಕ್ಕೆ ಇದು ಎಟುಕದ ಪರೀಕ್ಷೆಯಲ್ಲ. ಈ ಮಾತ್ರೆ ವಾರಕ್ಕೊಮ್ಮೆ ಮಾತ್ರ ಸೇವಿಸುವಂಥದು. ದಿನನಿತ್ಯದ ಮಾತ್ರೆಯೆಂದು ತಿಳಿದು ಪ್ರತಿದಿನ ನುಂಗಿದವರಲ್ಲಿ ಬಾಯಿಹುಣ್ಣು, ಬಿಳಿಯ ಕಣಗಳ ಕುಸಿತ, ಸಾವುಗಳೂ ಜಗತ್ತಿನ ಅನೇಕ ಕಡೆ ಸಂಭವಿಸಿವೆ. ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಕನ್ನಡ, ಮರಾಠಿ, ಉರ್ದು ಮಾತನಾಡುವ ಮನೆಗಳು ಓದಬೇಕಾದ ಜಿಲ್ಲೆಯಲ್ಲಿ, ಮಾತ್ರೆ ತೆಗೆದುಕೊಳ್ಳುವ ವಾರದ ಹೆಸರನ್ನು ರೋಗಿಯ ಭಾಷೆಯಲ್ಲಿಯೇ ಚೀಟಿಯ ಮೇಲೆ ಬರೆದುಕೊಡುವುದು ಮತ್ತು ಮುಂದಿನ ಭೇಟಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿ ನೋಡುವುದು, ಎಸ್‌ಜಿಪಿಟಿಯ ವರದಿ ಬರುವುದಕ್ಕೆ ಮೊದಲೇ ಆಗಬೇಕಾದ ಕೆಲಸಗಳು.